ಅಕ್ಟೋಬರ್ ಎರಡರ ಬೋಳು ಹೊಸ್ತಿಲು

ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಸೈರನ್ ಇನ್ನೂ ಕೂಗಿಲ್ಲ. ಮಾಧವರಂ ಕಡೆಯಿಂದ ಬಂದ ಹಾಲಿನ ವ್ಯಾನು ಕ್ರೇಟುಗಳನ್ನಿಳಿಸಿ ಹೋಗಿದೆ. ಹೋಟೆಲಿನ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಅದರಡಿಯಿಂದ ಬೇಬಿಯಕ್ಕ ಬಗ್ಗಿಕೊಂಡು ಹೊರಬರುತ್ತಾರೆ, ಬಗ್ಗಿದ ಸೊಂಟವನ್ನು ನೆಟ್ಟಗೆ ಮಾಡುವ ಗೋಜಿಗೇ ಹೋಗುವುದಿಲ್ಲ. ಹೇಗೂ ಇನ್ನರ್ಧ ಗಂಟೆ ಬಗ್ಗಿಯೇ ಇರಬೇಕಲ್ಲ. ಹೊಸ್ತಿಲಿನ ಮುಂದೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಬಳಿದು, ಹಸಿ ಆರುವ ಮೊದಲೇ ಹಿಟ್ಟಿನ ಚುಕ್ಕಿಗಳನ್ನು ಇಡುತ್ತಾ ಹೋಗುತ್ತಾರೆ. ಹೆಬ್ಬೆರಳು ತೋರುಬೆರಳಿನ ಸಂದಿಯಿಂದ ಗೆರೆ ಇಳಿಯುತ್ತದೆ. ನೋಡನೋಡುತ್ತ ಚುಕ್ಕಿಗಳ ನಡುವಿನಿಂದ ಒಂದು ಹಡಗು ಏಳುತ್ತದೆ. ಹಡಗಿನ ತಲೆಯ ಮೇಲೆ ಹೊಗೆ. ಪಕ್ಕದಲ್ಲಿ ಉರಿಯುವ ಎಣ್ಣೆ ಟ್ಯಾಂಕು.

ಇವತ್ತು ಸೆಪ್ಟೆಂಬರ್ ಇಪ್ಪತ್ತೆರಡು. ೧೯೧೪ರ ಇದೇ ದಿನ ರಾತ್ರಿ ಎಮ್ಡನ್ ಎಂಬ ಜರ್ಮನ್ ಯುದ್ಧನೌಕೆ ಮದ್ರಾಸಿನ ಬಂದರಿನ ಮೇಲೆ ಗುಂಡು ಹಾರಿಸಿತು. ಊರಿಗೆ ಊರೇ ಹೆದರಿ ಓಡಿತು. ಭಯ ಹೋಯಿತು, ಹೆಸರು ಉಳಿಯಿತು. ಮಹಾ ಕಿಲಾಡಿಯನ್ನು ಕಂಡರೆ ತಮಿಳರು ಈಗಲೂ ‘ಎಮ್ಡನ್’ ಅನ್ನುತ್ತಾರೆ.

ವರ್ಕ್‌ಶಾಪಿನಿಂದ ನಿವೃತ್ತರಾದ ತಿರುಮಲ ದಿನದ ಮೊದಲ ಗಿರಾಕಿ. ಹಡಗು ತುಳಿಯದಂತೆ ಪಂಚೆ ಎತ್ತಿ ದಾಟುತ್ತ, “ಎನ್ನಮ್ಮಾ, ಇವತ್ತು ಎಮ್ಡನ್ನಾ? ನಿಜವಾದ ಎಮ್ಡನ್ ಒಳಗೆ ಗಲ್ಲಾದಲ್ಲಿ ಕೂತಿದ್ದಾರೆ, ಬಿಡು,” ಅನ್ನುತ್ತಾರೆ, ಅರ್ಧ ತಮಿಳು, ಅರ್ಧ ಕನ್ನಡ. ಬೇಬಿಯಕ್ಕ ಸೆರಗಿನಲ್ಲಿ ನಗು ಒರೆಸಿಕೊಳ್ಳುತ್ತಾರೆ.

ಗಲ್ಲಾದಲ್ಲಿ ಕೂತವರು ರಘುರಾಮ ರಾಯರು, ಹೋಟೆಲಿನ ಮಾಲೀಕರು. ದಿನಕ್ಕೊಂದು ಚರಿತ್ರೆಯ ಘಟನೆಯನ್ನು ಕೋಲಂನಲ್ಲಿ, ತಮಿಳರ ರಂಗೋಲಿಯಲ್ಲಿ, ಬಿಡಿಸುವ ಯೋಚನೆ ಅವರದೇ. ಜನ ನಿಂತು ಫೋಟೊ ತೆಗೆಯುತ್ತಾರೆ, ನಿಂತವರು ಒಳಗೂ ಬರುತ್ತಾರೆ. ರಾಯರ ಮಗಳು ಪ್ರಣಮ್ಯಾ ಹಿಂದಿನ ಸಂಜೆ ಮೊಬೈಲು ನೋಡಿ, ನಾಳೆ ಏನು ನಡೆದಿತ್ತೆಂದು ಹೇಳುತ್ತಾಳೆ. ಜುಲೈನಲ್ಲಿ ಚಂದ್ರನ ಮೇಲಿನ ಹೆಜ್ಜೆ. ಡಿಸೆಂಬರ್ ಇಪ್ಪತ್ತಾರಕ್ಕೆ ಸುನಾಮಿಯ ಅಲೆ. ಮೇ ಒಂದಕ್ಕೆ, ೧೯೨೩ರಲ್ಲಿ ಇದೇ ಊರಿನ ಕಡಲತೀರದಲ್ಲಿ ಹಾರಿದ ಮೇ ದಿನದ ಕೆಂಬಾವುಟ. ಅದನ್ನು ನೋಡಿದ ರಾಯರು, “ಕೆಂಪು ಬೇಡ ಬೇಬಿ, ಹುಡುಗರಿಗೆ ಯೂನಿಯನ್ ಹುಚ್ಚು ಹಿಡಿದೀತು, ಅರಿಶಿನ ಹಾಕು,” ಅಂದರಂತೆ. ಆ ಸಲ ಪೆರಂಬೂರಿನಲ್ಲಿ ಕಾರ್ಮಿಕರ ಬಾವುಟ ಹಳದಿಯಾಗಿ ಹಾರಿತು.

ನಗಬೇಡಿ. ಚರಿತ್ರೆಗೆ ಬಣ್ಣ ಹಾಕುವ ಕೈ ಯಾರದೇ ಇರಲಿ, ಬಣ್ಣ ಆರಿಸುವವರು ಗಲ್ಲಾದಲ್ಲೇ ಕೂತಿರುತ್ತಾರೆ.

ಬೇಬಿಯಕ್ಕನ ಊರು ಬ್ರಹ್ಮಾವರದ ಹತ್ತಿರ. ಮದುವೆಯಾದ ಹೊಸತರಲ್ಲೇ ಗಂಡ ಕಿಟ್ಟಣ್ಣನ ಜೊತೆ ಈ ಹೋಟೆಲಿಗೆ ಬಂದರು. ಅವನಿಗೆ ಪಾತ್ರೆ ತೊಳೆಯುವ, ಹಿಂದಿನ ಅಂಗಳ ನೋಡಿಕೊಳ್ಳುವ ಕೆಲಸ. ಇವರಿಗೆ ತರಕಾರಿ ಹೆಚ್ಚುವ ಕೆಲಸ. ಇರಲು ಅಡುಗೆಮನೆಯ ಮೇಲಿನ ಕೋಣೆ. ಮೊದಲ ದಿನ ತಮಿಳು ಅಡುಗೆಭಟ್ಟರು “ವಾಸಲ್‌ಲೆ ಕೋಲಂ ಪೋಡು”, ಬಾಗಿಲಿಗೆ ಕೋಲಂ ಹಾಕು, ಅಂದಾಗ ಬೇಬಿಯಕ್ಕ ಬೆಚ್ಚಿಬಿದ್ದರು. ಅವರಿಗೆ ಗೊತ್ತಿದ್ದ ಕೋಲ ಒಂದೇ: ದೈವದ ಕೋಲ.

“ಇಲ್ಲೂ ದೈವ ಕಟ್ತ್ರಾ, ಅದೂ ಹೆಂಗ್ಸ್ರ್ ಕೈಯಗೆ, ಅಂದೇಳಿ ಹೆದ್ರಿ ಹೋಯ್ದೆ. ರಂಗೋಲಿ ಅಂದ್ರೆ ಆತಿರ್ಲಿಲ್ಯಾ ಅವ್ರಿಗೆ? ಇವ್ರ್ ನಗಾಡಿ ನಗಾಡಿ ಬಿದ್ರ್. ಸಾಯುವರಿಗೂ ಅದ್ನೇ ಹೇಳಿ ಚಾಳ್ಸುದ್. ‘ದಿನಾ ಕೋಲ ಕಟ್ಟು ಹೆಂಗ್ಸ್ ಇದ್, ಹುಷಾರ್ ಮಾರಾಯ್ರೆ’ ಅಂದೇಳಿ.”

ಸಾಯುವವರೆಗೂ ಅಂದರೆ, ಆರು ವರ್ಷದ ಹಿಂದಿನ ಅಕ್ಟೋಬರ್ ಎರಡರವರೆಗೆ.

ಆ ದಿನ ಗಾಂಧಿ ಹುಟ್ಟಿದ ದಿನ. ದೇಶವೆಲ್ಲ ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವ ದಿನ. ಪೆರಂಬೂರಿಗೆ ಇನ್ನೊಂದು ಲೆಕ್ಕದಲ್ಲೂ ದೊಡ್ಡ ದಿನ. ೧೯೫೫ರಲ್ಲಿ ಇದೇ ತಾರೀಕು ಇಲ್ಲಿನ ರೈಲುಡಬ್ಬಿ ಕಾರ್ಖಾನೆ ಶುರುವಾಯಿತು. ರಜೆ ಅಂದಮೇಲೆ ಹೋಟೆಲಿನಲ್ಲಿ ಜನವೋ ಜನ. ಹಿಂದಿನ ಪಾಯಿಖಾನೆಯ ಗುಂಡಿ ತುಂಬಿ ನೀರು ಮೇಲೆ ಬಂತು. ಗುಂಡಿಯ ಗಲೀಜು ಎಳೆಯುವ ಲಾರಿಯವರಿಗೂ ಗಾಂಧಿ ಜಯಂತಿಯ ರಜೆ. ರಜೆ ಇಲ್ಲದವನು ಒಬ್ಬನೇ.

“‘ಕಿಟ್ಟಣ್ಣ, ಎಂಥದೋ ಅಡ್ಡ ಕೂತಿದೆ, ಒಂಚೂರು ಇಳಿದು ನೋಡು ಮಾರಾಯ’ ಅಂದ್ರ್ ರಾಯ್ರ್. ನಾ ಅಲ್ಲೇ ಬೀನ್ಸ್ ಹೆಚ್ತಾ ಇದ್ದೆ. ಇವ್ರ್ ಅಂಗಿ ತೆಗ್ದ್ ನನ್ ಕೈಯಗೆ ಕೊಟ್ರ್. ‘ಗಲೀಜಾತ್, ಹಿಡ್ಕೋ’ ಅಂದ್ರ್. ಇಳ್ದವ್ರ್ ಮತ್ತೆ ಮೇಲೆ ಬರ್ಲಿಲ್ಲೆ.”

ಮನುಷ್ಯನನ್ನು ಮಲದ ಗುಂಡಿಗೆ ಇಳಿಸಬಾರದೆಂದು ಈ ದೇಶದಲ್ಲಿ ಕಾನೂನಿದೆ. ಕಾನೂನಿಗೂ ಅವತ್ತು ರಜೆಯಿತ್ತೇ? ಪೊಲೀಸರ ಮುಂದೆ ರಾಯರು, ಕುಡಿದು ಕಾಲು ಜಾರಿ ಬಿದ್ದ ಅಂದರು. ಎಲೆ ಅಡಿಕೆಯನ್ನೂ ಹಾಕದ ಮನುಷ್ಯ ಸತ್ತ ಮೇಲೆ ಕುಡುಕನಾದ. ಹೆಣ ಹೋಟೆಲಿಗೆ ಮರಳಲಿಲ್ಲ, ಆಸ್ಪತ್ರೆಯಿಂದ ನೇರ ಸುಡುಗಾಡಿಗೆ ಹೋಯಿತು. ಹೋಟೆಲು ಸಂಜೆಯ ಕಾಫಿಗೆ ಬಾಗಿಲು ತೆರೆಯಿತು. ಮರುದಿನ ಬೆಳಿಗ್ಗೆ ಬೇಬಿಯಕ್ಕನನ್ನು ಎಬ್ಬಿಸಿ ಕೋಲಂ ಹಾಕಿಸಿದರು.

ಇಲ್ಲಿ ಒಂದು ಮಾತು ತಿಳಿದಿರಬೇಕು. ಈ ಊರಿನಲ್ಲಿ ಬೆಳಗಿನ ಹೊಸ್ತಿಲು ಬೋಳಾಗಿದ್ದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಸತ್ತವರ ವರ್ಷಾಂತಿಕದ ದಿನವೂ ಕೋಲಂ ಹಾಕುವುದಿಲ್ಲ. ಯಾರೂ ಬೋರ್ಡು ಬರೆಯಬೇಕಿಲ್ಲ, ದಾರಿಹೋಕರಿಗೆ ತಾನೇ ಗೊತ್ತಾಗುತ್ತದೆ. ಹೊಸ್ತಿಲಿಗೆ ಹಿಟ್ಟು ಬಿದ್ದರೆ, ಇಲ್ಲಿ ಯಾರೂ ಸತ್ತಿಲ್ಲ. ಹಾಗಾಗಿ ರಾಯರು ತಮಗೆ ಅವತ್ತು ಬೇಕಾದ ಸುಳ್ಳುಸಾಕ್ಷಿಯನ್ನು ಸತ್ತವನ ಹೆಂಡತಿಯ ಬೆರಳುಗಳಿಂದಲೇ ಬರೆಸಿಕೊಂಡರು. ಮುಂದೆ ಐದು ಅಕ್ಟೋಬರ್ ಎರಡುಗಳಲ್ಲಿ ಬೇಬಿಯಕ್ಕ ಅದೇ ಹೊಸ್ತಿಲಿನ ಮೇಲೆ ಗಾಂಧಿಯ ಕನ್ನಡಕ, ಚರಕ, ರೈಲುಡಬ್ಬಿ ಬಿಡಿಸಿದ್ದಾರೆ. ಹಾಕದಿದ್ದರೆ ಮೇಲಿನ ಕೋಣೆ ಹೋಗುತ್ತದೆ. ಊರಿನಲ್ಲಿ ಹೋಗಿ ಸೇರಲು ಮನೆಯಿಲ್ಲ.

ಈ ಸಲ ಅಕ್ಟೋಬರ್ ಒಂದರ ಸಂಜೆ ಪ್ರಣಮ್ಯಾ ಮೊಬೈಲು ಹಿಡಿದು ಬರುತ್ತಾಳೆ. “ನಾಳೆ ಗಾಂಧಿ ಬರ್ತ್‌ಡೇ, ಬೇಬಿಯಕ್ಕಾ. ಕನ್ನಡಕ ಪೋದುಂ, ಸಾಕು.”

“ಅದ್ರಗೆ ಸತ್ತವ್ರ್ ಹೆಸ್ರೂ ಬತ್ತಾ, ಮಗಾ?”

“ಬರತ್ತೆ. ಹುಟ್ಟಿದವರು, ಸತ್ತವರು, ಎಲ್ಲಾಮೇ ಇರತ್ತೆ.”

“ನಮ್ಮನಿಯೋರ್ ಹೆಸ್ರ್ ಉಂಟಾ ಕಾಣ್.”

ಹುಡುಗಿ ನಿಜವಾಗಿಯೂ ಪರದೆಯನ್ನು ಕೆಳಗಿನವರೆಗೆ ಸರಿಸಿ ನೋಡುತ್ತಾಳೆ. ಆಮೇಲೆ ಮುಖ ಎತ್ತದೆ, “ಇದು ಫೇಮಸ್ ಆದವರಿಗೆ ಮಾತ್ರ, ಅಕ್ಕಾ,” ಅನ್ನುತ್ತಾಳೆ.

ಬೆಳಗಾಗುತ್ತದೆ. ಬೇಬಿಯಕ್ಕ ನೀರು ಚಿಮುಕಿಸುತ್ತಾರೆ, ಗುಡಿಸುತ್ತಾರೆ. ಹಿಟ್ಟಿನ ಡಬ್ಬಿ ಒಳಗೇ ಇದೆ. ಹಸಿ ನೆಲ ನಿಧಾನವಾಗಿ ಆರುತ್ತದೆ. ಅವರು ಬಾಗಿಲ ಪಕ್ಕ ಗೋಡೆಗೊರಗಿ ಕೂರುತ್ತಾರೆ.

ಪಂಚೆ ಎತ್ತಿ ದಾಟಲು ಬಂದ ತಿರುಮಲ ಅಲ್ಲೇ ನಿಲ್ಲುತ್ತಾರೆ. ದಾಟಲು ಏನೂ ಇಲ್ಲ. ಎತ್ತಿದ ಪಂಚೆ ಕೆಳಗಿಳಿಯುತ್ತದೆ.

“ಯಾರುಮ್ಮಾ ತವರಿಟ್ಟಾಂಗ?” ತೀರಿಕೊಂಡವರು ಯಾರು?

“ಎನ್ ವೀಟ್ಟುಕ್ಕಾರರ್,” ಅನ್ನುತ್ತಾರೆ ಬೇಬಿಯಕ್ಕ. ನನ್ನ ಗಂಡ.

ಆರು ವರ್ಷದಲ್ಲಿ ಈ ಬಾಗಿಲಿನಲ್ಲಿ ಆ ಪ್ರಶ್ನೆ ಕೇಳಿದವರು ಇವರೇ ಮೊದಲು. ತಿರುಮಲ ಚಪ್ಪಲಿ ಬಿಟ್ಟು, ಬೋಳು ಹೊಸ್ತಿಲಿಗೆ ಕೈಮುಗಿಯುತ್ತಾರೆ. ಇಡ್ಲಿ ತಿನ್ನದೆ ಹೊರಡುತ್ತಾರೆ. ಹಿಂದೆ ಬಂದ ಒಂದು ಸಂಸಾರ ಹೊಸ್ತಿಲು ನೋಡಿ, ತಮ್ಮ ತಮ್ಮಲ್ಲೇ ಪಿಸುಗುಟ್ಟಿ ಎದುರಿನ ಹೋಟೆಲಿಗೆ ನಡೆಯುತ್ತದೆ. ಮತ್ತಿಬ್ಬರು ಸ್ಕೂಟರು ನಿಲ್ಲಿಸುವುದೇ ಇಲ್ಲ. ರಾಯರು ಗಲ್ಲಾ ಬಿಟ್ಟು ಎದ್ದು ಬರುತ್ತಾರೆ.

“ಎಂಥದು ಬೇಬಿ ಇದು? ಗಾಂಧಿ ಹುಟ್ಟಿದ ದಿನ ಹೋಟ್ಲಿಗೆ ಸೂತಕ ಹಚ್ಚುವುದಾ? ಸತ್ತದ್ದು ನಿನ್ನ ಗಂಡ ಮಾರಾಯ್ತಿ, ನನ್ನ ಹೋಟ್ಲಲ್ಲ.”

“ಸತ್ತದ್ ಎಲ್ಲಿ, ರಾಯ್ರೆ?”

ರಾಯರು ಮೂಲೆಯ ಅಂಗಡಿಯಿಂದ ಪ್ಲಾಸ್ಟಿಕ್ ಕೋಲಂನ ಸ್ಟಿಕ್ಕರ್ ತರಿಸುತ್ತಾರೆ. ತಾವರೆ, ನವಿಲು, ಎಂದೂ ಅಳಿಸದ ಬಣ್ಣ. ಹಾಳೆ ಸುಲಿದು ತಾವೇ ಮಂಡಿಯೂರಿ ಅಂಟಿಸುತ್ತಾರೆ, ಅಂಗೈಯಿಂದ ಉಜ್ಜುತ್ತಾರೆ. ಗಿರಾಕಿಗಳು ಬರತೊಡಗುತ್ತಾರೆ. ಸಾವು ಮತ್ತೆ ಇಲ್ಲವಾಗುತ್ತದೆ. ಇಷ್ಟೇ ಸಾಕು, ಒಬ್ಬ ಮನುಷ್ಯನನ್ನು ಚರಿತ್ರೆಯಿಂದ ತೆಗೆದುಹಾಕಲು; ಸೆನ್ಸಾರು ಬೇಡ, ಸರ್ಕಾರ ಬೇಡ, ಅಂಟು ಸಾಕು.

ಒಂದು ವಾರ ಕಳೆದಿದೆ. ಬೇಬಿಯಕ್ಕನಿಗೆ ಈಗ ಹೊಸ್ತಿಲಿನ ಕೆಲಸವಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಕೋಣೆ ಖಾಲಿ ಮಾಡಬೇಕೆಂದು ಹೇಳಿಯಾಗಿದೆ. ಎಲ್ಲಿಗೆ ಎಂದು ಯಾರೂ ಕೇಳಿಲ್ಲ. ಹಿಂದಿನ ಅಂಗಳದಲ್ಲಿ, ಈಗ ಸಿಮೆಂಟು ಮುಚ್ಚಳ ಬಿಗಿದಿರುವ ಗುಂಡಿಯ ಪಕ್ಕದಲ್ಲೇ ಕೂತು ಬೀನ್ಸ್ ಹೆಚ್ಚುತ್ತಿದ್ದಾರೆ.

“ಊರಗೆ ಅನ್ಯಾಯದಗೆ ಸತ್ತವ್ರ್ ದೈವ ಆತ್ರಂಬ್ರ್. ವರ್ಷಕ್ಕೊಂದ್ ಸಲ ಕೋಲದಗೆ ಎದ್ದ್ ಬಂದ್, ಎದ್ರ್ ನಿಂತ್ ನ್ಯಾಯ ಕೇಂತ್ರ್. ಇವ್ರಿಗೆ ಇಲ್ಲಿ ಯಾರ್ ಕೋಲ ಕೊಡ್ತ್ರ್? ಆ ಒಂದ್ ದಿನ ನೆಲ ಖಾಲಿ ಬಿಡುವ ಅಂದೇಳಿ ಇತ್ತ್ ನಂಗೆ. ಅಷ್ಟೇ.”

ಚಾಕು ನಿಲ್ಲುತ್ತದೆ. ಮುಂಬಾಗಿಲಲ್ಲಿ ಯಾರೋ ಸ್ಟಿಕ್ಕರಿನ ನವಿಲಿನ ಮೇಲೆ ಕಾಲಿಟ್ಟು ಒಳಬರುತ್ತಾರೆ. ಬೇಬಿಯಕ್ಕ ಅತ್ತ ನೋಡುವುದಿಲ್ಲ.

“ಹಿಟ್ಟ್ ಆದ್ರೆ ನೆಲಕ್ಕೆ ಹಿಡೀತ್. ಅದ್ ಪ್ಲಾಸ್ಟಿಕ್ಕ್ ಅಲ್ದಾ, ಮೇಲೇ ಉಳೀತ್. ಅಡೀಗೆ ನೆಲ ಖಾಲಿಯೇ ಉಂಟ್. ಈಗ ಅಲ್ಲಿ ದಿನಾ ಅಕ್ಟೋಬರ್ ಎರಡೇ.”