ಪಂಪಿಗೆ ಒಂದು ದಿನದ ರಜೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರ ಜೊತೆಗೆ, ಪಂಪಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬಾರದು ಎಂಬ ಜಂಬ ಬೇರೆ. ಚೆಂಬೂರಿನ ಒಂದು ಕಾರ್ಖಾನೆಯ ಪಂಪ್ ಹೌಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಆಳೆತ್ತರದ ಪಂಪುಗಳ ಸದ್ದು ಕೇಳಿಯೇ ಅವುಗಳ ಕಾಯಿಲೆ ಹೇಳುತ್ತಿದ್ದೆ. ಅಂಥ ನನ್ನ ಮಾನವನ್ನು ಅಂಗೈಯಗಲದ ಒಂದು ಪಂಪು ಮನೆಯವರ ಎದುರಿಗೇ ಕಳೆಯಿತು.

ಅಮ್ಮ ಮೊಣಕಾಲು ನೋವು ಹೆಚ್ಚಾದ ಮೇಲೆ ಸಯನ್‌ನ ಸಾಲುಮನೆಗಳ ಚಾಳಿನಿಂದ ನಮ್ಮ ಫ್ಲ್ಯಾಟಿಗೆ ಬಂದಳು. ಬಂದವಳಿಗೆ ಹೊತ್ತೇ ಹೋಗದು. "ಇಲ್ಲಿ ಬಾಗಿಲು ತೆಗೆದರೆ ಎದುರಿಗೆ ಇನ್ನೊಂದು ಬಾಗಿಲು ಉಂಟು. ಅದೂ ಮುಚ್ಚಿದ್ದು," ಎಂದು ಗೊಣಗುತ್ತಿದ್ದಳು. ಅವಳಿಗೆ ಜೊತೆಯಾಗಲೆಂದು ನಾನು ಕುರ್ಲಾಕ್ಕೆ ಹೋಗಿ ಒಂದು ಗಾಜಿನ ತೊಟ್ಟಿಯನ್ನೂ ಆರು ಗೋಲ್ಡ್‌ಫಿಶ್‌ಗಳನ್ನೂ ತಂದೆ. ಅಮ್ಮ ಕನ್ನಡಕ ಏರಿಸಿ ನೋಡಿದಳು. "ಸಾರಿಗೆ ಆಗದ ಮೀನನ್ನು ಮನೆಗೆ ತಂದವ ನಮ್ಮ ಕುಟುಂಬದಲ್ಲಿ ನೀನೇ ಮೊದಲು ಮಾರಾಯ!"

ವಾರದೊಳಗೆ ಅವಳು ಆ ಆರು ಮೀನುಗಳ ಜೊತೆ ತುಳುವಿನಲ್ಲಿ ಹರಟೆ ಶುರುಮಾಡಿದ್ದಳು. ನನ್ನ ಹೆಂಡತಿ ಹುಬ್ಬಳ್ಳಿಯವಳಾದ್ದರಿಂದ ಮನೆಯ ಮಾತೆಲ್ಲ ಕನ್ನಡ. ಹಾಗಾಗಿ ತುಳುವಿಗೆ ಅಮ್ಮನಿಗೆ ಸಿಕ್ಕಿದ್ದು ಮೀನುಗಳೇ. ಬಂಗುಡೆ ಮೀನು ಹುರಿಯುವ ದಿನ ಮಾತ್ರ ತೊಟ್ಟಿಯ ಮೇಲೆ ಮೈ ಒರೆಸುವ ಒಂದು ಬೈರಾಸು ಹೊದಿಸುತ್ತಿದ್ದಳು. "ಅವು ನೋಡುವುದು ಬೇಡ. ಬೇಜಾರಾಗ್ತದೆ."

ತೊಟ್ಟಿಯ ನೀರು ಶುದ್ಧವಾಗಿರಲೆಂದು ನಾನೇ ಒಂದು ವ್ಯವಸ್ಥೆ ಮಾಡಿದ್ದೆ. ಮೇಜಿನ ಮೇಲೆ ತೊಟ್ಟಿ, ಮೇಜಿನ ಕೆಳಗೆ ಸ್ಪಂಜು ತುಂಬಿದ ಬಕೆಟ್ಟು. ತೊಟ್ಟಿಯಲ್ಲಿ ಹೆಚ್ಚಾದ ನೀರು ಒಂದು ಪೈಪಿನಿಂದ ಬಕೆಟ್ಟಿಗೆ ಇಳಿದು ಸೋಸಿಕೊಳ್ಳುತ್ತದೆ, ಬಕೆಟ್ಟಿನೊಳಗಿನ ಪುಟ್ಟ ಪಂಪು ಅದನ್ನು ಇನ್ನೊಂದು ಪೈಪಿನಿಂದ ಮತ್ತೆ ಮೇಲಕ್ಕೆ ಕಳಿಸುತ್ತದೆ. ನೀರು ಮೇಲಿಂದ ಬೀಳುವ ಸದ್ದು ನನಗೆ ಇಂಪಾಗಿತ್ತು. ಹೆಂಡತಿಗೆ ಮಾತ್ರ ಕಿರಿಕಿರಿ. "ಏನ್ರೀ ಇದು, ಇಡೀ ದಿನಾ ಯಾರೋ ನಳಾ ಬಿಟ್ಟು ಹೋದಂಗ ಸಪ್ಪಳ! ಟಿವಿ ಕೇಳವಲ್ದು." ನಾನು ಪಂಪಿನ ಪೈಪಿನ ಬಾಯಿಯನ್ನು ತೊಟ್ಟಿಯ ತಳದವರೆಗೆ ಇಳಿಸಿದೆ. ಸದ್ದು ನಿಂತಿತು. ಇದಕ್ಕೇ ಹೇಳುವುದು ಅನುಭವ ಎಂದು ಬೀಗಿದೆ.

ಮಹಾನವಮಿ ಬಂತು. ಅಪ್ಪ ಹೋಟೆಲಿನ ಅಡುಗೆಯವರಾಗಿದ್ದ ಕಾಲದಿಂದ ನಮ್ಮಲ್ಲಿ ಒಂದು ಕಟ್ಟಳೆ. ಆಯುಧಪೂಜೆಯ ದಿನ ದುಡಿಯುವ ಯಾವ ಯಂತ್ರವನ್ನೂ ದುಡಿಸಬಾರದು. ಅಮ್ಮ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ, ನನ್ನ ಹಳೆಯ ಸ್ಪ್ಯಾನರ್ ಎಲ್ಲವನ್ನೂ ಸಾಲಾಗಿಟ್ಟು ಪೂಜೆ ಮುಗಿಸಿದಳು. ನಾನೂ ಹೆಂಡತಿಯೂ ಸಯನ್‌ನ ಬಂಧುಗಳ ಮನೆಗೆ ಹೊರಟೆವು. ಆಮೇಲೆ ಅಮ್ಮನಿಗೆ ಪಂಪಿನ ನೆನಪಾಯಿತು. ಹಗಲೂ ರಾತ್ರಿ ದುಡಿಯುವ ಬಡಪಾಯಿ! ಸ್ವಿಚ್ಚು ಆರಿಸಿ, ಅದಕ್ಕೆ ಕುಂಕುಮವಿಟ್ಟು, ಚೆಂಡುಹೂವು ಸಿಕ್ಕಿಸಿ, ಅಡುಗೆಮನೆಗೆ ಹೋಗಿ ಕಡುಬಿಗೆ ಕೂತಳು.

ನಾವು ಮರಳಿದಾಗ ಕೆಳಗಿನ ಮನೆಯ ಮರಾಠಿ ಹೆಂಗಸು ನಮ್ಮ ಬಾಗಿಲಲ್ಲಿ ನಿಂತಿದ್ದರು. "ಅಹೋ ಕಾಕಾ, ವರೂನ್ ಪಾಣೀ ಗಳ್ತಂಯ್!" ಮೇಲಿನಿಂದ ಸೋರಿದ ನೀರಿಗೆ ಅವರ ಹಬ್ಬದ ರಂಗೋಲಿ ಹರಿದುಹೋಗಿತ್ತಂತೆ. ಒಳಗೆ ನೋಡಿದರೆ ಬಕೆಟ್ಟು ಉಕ್ಕಿ ನಡುಮನೆಯೆಲ್ಲ ನೀರು. ತೊಟ್ಟಿಯಲ್ಲಿ ಉಳಿದದ್ದು ಎರಡು ಬೆರಳು ನೀರು. ಆರೂ ಮೀನು ಪಕ್ಕಕ್ಕೆ ವಾಲಿ ಬಾಯಿ ಬಿಡುತ್ತಿದ್ದವು. ಅಮ್ಮ ಸಾಂಬಾರಿನ ಸೌಟಿನಲ್ಲಿ ಬಕೆಟ್ಟಿನ ನೀರನ್ನು ಮೊಗೆದು ಮೊಗೆದು ತೊಟ್ಟಿಗೆ ಹಾಕುತ್ತಿದ್ದಳು.

"ಪಂಪು ಬಂದ್ ಮಾಡ್ಲಿಕ್ಕೆ ಯಾರು ಹೇಳಿದ್ದು ನಿನಗೆ?" ಎಂದು ಕಿರುಚಿದೆ.

ಸ್ವಿಚ್ಚು ಹಾಕಿ, ನೀರು ತುಂಬಿಸಿ, ಮೀನುಗಳು ನೆಟ್ಟಗಾಗುವ ಹೊತ್ತಿಗೆ ನನಗೆ ಸತ್ಯ ಹೊಳೆದಿತ್ತು. ಪಂಪು ನಿಂತರೆ ಪೈಪಿನಲ್ಲಿದ್ದ ನೀರು ಕೆಳಗೆ ಜಾರುತ್ತದೆ, ಜಾರುತ್ತಾ ಹಿಂದಿನ ನೀರನ್ನೂ ಎಳೆದುಕೊಳ್ಳುತ್ತದೆ. ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೆ ಈ ಸೈಫನ್ ನಿಲ್ಲದು. ಬಾಯಿಯನ್ನು ತಳಕ್ಕೆ ಇಳಿಸಿದ್ದು ಯಾರು? ನಾನು. ಕರೆಂಟು ಹೋಗಿದ್ದರೂ ಇದೇ ಆಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲು. ಆದರೆ ಅಷ್ಟು ಕಿರುಚಿದ ಮೇಲೆ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಸುಮ್ಮನೆ ನೆಲ ಒರೆಸಿದೆ. ಅಮ್ಮ ಕಡುಬು ಮುಟ್ಟಲಿಲ್ಲ.

ಮರುದಿನ ದಸರೆಯ ಬೆಳಿಗ್ಗೆ ನೋಡಿದರೆ ಅಮ್ಮ ಮೀನಿನ ಬೈರಾಸನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಇವನ್ನು ಅಂಗಡಿಗೇ ಕೊಟ್ಟು ಬಾ ಮಗಾ. ನನ್ನ ಕೈಗುಣ ಸರಿ ಇಲ್ಲ. ಪೂಜೆ ಮಾಡಿದ ಕೈಯಲ್ಲೇ ಅವುಗಳ ನೀರು ತೆಗೆದೆ."

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. "ತಪ್ಪು ನಿನ್ನದಲ್ಲಮ್ಮ. ಪೈಪನ್ನು ಕೆಳಗಿನವರೆಗೆ ಇಳಿಸಿದ್ದು ನಾನು. ಅದಕ್ಕೇ ನೀರೆಲ್ಲ ಹೋದದ್ದು. ನಿನ್ನೆಯೇ ಗೊತ್ತಾಗಿತ್ತು."

"ನಿನ್ನೆಯೇ?"

"ಹೌದು."

"ಮತ್ತೆ ನಾನು ಕಡುಬು ಬಿಟ್ಟು ಕೂತದ್ದು ಎಂತಕ್ಕೆ?"

ಅಮ್ಮ ಆ ಬೈರಾಸಿನಿಂದಲೇ ನನ್ನ ಬೆನ್ನಿಗೆ ಎರಡು ಬಾರಿಸಿದಳು. ಮೂರನೆಯದಕ್ಕೆ ಕೈಯೆತ್ತಿದವಳಿಗೆ ನಗು ಬಂತು. "ಮೂವತ್ತು ವರ್ಷ ಪಂಪು ನೋಡಿದನಂತೆ ಇವ!" ಅಡುಗೆಮನೆಯಿಂದ ಹೆಂಡತಿ, "ಇನ್ನೆರಡು ಹಾಕ್ರಿ ಅತ್ತೀ, ನನ್ನ ಲೆಕ್ಕಕ್ಕ," ಎಂದಳು. ಉಳಿದ ಕಡುಬನ್ನು ಬಿಸಿ ಮಾಡಿ ಮೂವರೂ ತಿಂದೆವು. ಅಷ್ಟು ರುಚಿಯಾದ ತಂಗಳು ನಾನು ತಿಂದದ್ದಿಲ್ಲ.

ತಿನ್ನುತ್ತಾ ಅಮ್ಮನೇ ಕೇಳಿದಳು. "ಚಾಳಿನಲ್ಲಿ ನಮ್ಮ ಡ್ರಮ್ಮಿನ ಪೈಪು ನೆನಪುಂಟಾ?" ಇತ್ತು. ಬೆಳಿಗ್ಗೆ ಒಂದು ಗಂಟೆ ಬರುವ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟು, ಬೇಕಾದಾಗ ಪೈಪನ್ನು ಬಾಯಿಂದ ಎಳೆದು ಬಿಂದಿಗೆಗೆ ಇಳಿಸುತ್ತಿದ್ದಳು. ಒಮ್ಮೆ ಇಲಿ ಆ ಪೈಪಿನ ಮೇಲುಭಾಗವನ್ನು ಕಚ್ಚಿತು. "ಆಮೇಲೆ ಎಷ್ಟು ಎಳೆದರೂ ಬರೀ ಗಾಳಿ. ತೂತಿಗೆ ಬಟ್ಟೆ ಸುತ್ತಿದ ಮೇಲೆಯೇ ನೀರು ಇಳಿದದ್ದು. ಈ ಪೈಪಿಗೂ ಇಲಿ ಕಚ್ಚಿದ ಹಾಗೆ ಒಂದು ತೂತು ಮಾಡು."

ನನ್ನ ಪಂಪ್ ಹೌಸಿನ ಬುದ್ಧಿಗೆ ಹೊಳೆಯಬೇಕಾದದ್ದು ಅದೇ. ಸ್ಕ್ರೂಡ್ರೈವರಿನ ತುದಿಯನ್ನು ಕಾಯಿಸಿ, ತೊಟ್ಟಿಯೊಳಗೆ ನೀರಿನ ಮಟ್ಟಕ್ಕಿಂತ ಅರ್ಧ ಬೆರಳು ಕೆಳಗೆ ಬರುವಂತೆ ಪೈಪಿಗೆ ತೂತು ಹಾಕಿದೆ. ಬಕೆಟ್ಟಿನಲ್ಲಿ ಒಂದಿಷ್ಟು ಜಾಗ ಖಾಲಿ ಉಳಿಸಿ, ಸ್ವಿಚ್ಚು ಆರಿಸಿದೆ. ನೀರು ಅರ್ಧ ಬೆರಳು ಇಳಿಯಿತು. ತೂತು ಗಾಳಿಗೆ ಸಿಕ್ಕಿ ಗೊಳಕ್ ಎಂದಿತು. ನೀರು ನಿಂತಿತು. ಅಮ್ಮ ಚಪ್ಪಾಳೆ ತಟ್ಟಿದಳು. ಅಂದಿನಿಂದ ಪ್ರತಿ ಭಾನುವಾರ ಪಾಚಿ ಕಟ್ಟದಂತೆ ಆ ತೂತಿಗೆ ಹಿಡಿಸೂಡಿ ಪೊರಕೆಯ ಕಡ್ಡಿ ಆಡಿಸುವುದು ಅವಳದೇ ಕೆಲಸ.

ಈ ವರ್ಷದ ಮಹಾನವಮಿಗೆ ಪಂಪಿಗೆ ಗಂಟೆಗಟ್ಟಲೆ ರಜೆ ಕೊಟ್ಟೆವು. ನೆಲ ಒಣಗಿಯೇ ಇತ್ತು. ಅಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನೇರ ತೊಟ್ಟಿಯ ಬಳಿ ಹೋಗಿ ಪೈಪಿಗೆ ಬೆರಳು ಚಾಚಿದಳು. ತೂತು ಮುಚ್ಚಿಹೋದರೆ!

"ಅಮ್ಮಾ, ಅಲ್ಲಿ ಬೇಡ!" ಎಂದು ಕೂಗಿದೆ.

ಅವಳು ತಿರುಗಿಯೂ ನೋಡಲಿಲ್ಲ. "ಕೂಗಬೇಡ. ತೂತಿನ ಪಕ್ಕಕ್ಕೆ ಇಟ್ಟದ್ದು. ಗಾಳಿ ಹೋಗುವ ದಾರಿಗೆ ಯಾರಾದರೂ ಕುಂಕುಮ ಹಚ್ತಾರಾ? ಪಂಪಿನ ಕೆಲಸ ಮಾಡಿದ್ದು ನೀನಾ, ನಾನಾ?"

ಆಮೇಲೆ ಅದೇ ಬೆರಳಿನಿಂದ ನನ್ನ ಹಣೆಗೂ ಒಂದು ಬೊಟ್ಟಿಟ್ಟು, "ಇವತ್ತು ನಿನ್ನ ಸಿಟ್ಟಿಗೂ ರಜೆ," ಎಂದಳು.