ಇದ್ದಲು ಬಸ್ಸಿನ ಮುಂದಿನ ಸೀಟು

ಬೆಳಗ್ಗೆ ಏಳೂ ಇಪ್ಪತ್ತಕ್ಕೆ, ಹೊಳೆ ದಾಟಲು ದೋಣಿ ಹತ್ತುವ ಕೂಳೂರಿನ ಕಡವಿಗೆ ಇಳಿಯುವ ಇಳಿಜಾರಿನಲ್ಲಿ, ನಮ್ಮ ಬಸ್ಸಿನ ಡ್ರೈವರು ನನ್ನ ಮಾತಿಗೆ ಹೂಂಗುಟ್ಟುವುದನ್ನು ನಿಲ್ಲಿಸಿದರು. ಹೊಳೆಯಾಚೆಯ ಶಾಲೆಗೆ ಎಲ್ಲಿ ತಡವಾಗುತ್ತದೋ ಎಂದು ನಾನು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಲು ಉರಿಸುವ ಡ್ರಮ್ಮು ಕಟ್ಟಿ, ಅದರ ಗ್ಯಾಸನ್ನು ಪೈಪಿನಲ್ಲಿ ಎಂಜಿನ್ನಿಗೆ ತರುತ್ತಿದ್ದರು. ಮೊದಲು ಈ ಡ್ರೈವರು ಇಸ್ತ್ರಿ ಮಾಡಿದ ಖಾಕಿ ಕೋಟು ತೊಟ್ಟು ಬಂದರೆ ಹೋಟೆಲಿನವರು ಕರೆದು ಚಾ ಕೊಡುತ್ತಿದ್ದರು. ಈಗ ಕತ್ತಲಿರುವಾಗಲೇ ಬಂದು ಬೆಂಕಿ ಹೊತ್ತಿಸಬೇಕು, ಕೊನೆಯ ಟ್ರಿಪ್ಪು ಮುಗಿಸಿ ಬೂದಿ ತೆಗೆಯಬೇಕು. ಜೊತೆಯವರು ಮಿಲಿಟರಿ ಲಾರಿಗೆ ಹೋದ ಮೇಲೆ ಅವರ ಟ್ರಿಪ್ಪುಗಳೂ ಇವರ ತಲೆಗೇ ಬಂದವು. ಕೋಟು ತೊಡುವುದನ್ನು ಬಿಟ್ಟೇ ಬಿಟ್ಟರು.

ಅವರು ತೂಕಡಿಸದಿರಲೆಂದು ದಿನವೂ ಹೋಗುವ ನಾವು ಒಂದು ಕ್ರಮ ಮಾಡಿಕೊಂಡಿದ್ದೆವು. ಅವರ ಪಕ್ಕದಲ್ಲಿ ಕೂತವರು ಮಾತು ನಿಲ್ಲಿಸಬಾರದು. ಆ ದಿನ ಬಿಜೈಯಲ್ಲಿ ನಾನು ಹತ್ತಿ ಅಲ್ಲಿ ಕೂತಾಗ ತರಕಾರಿ ಬುಟ್ಟಿಯ ಹೆಂಗಸೊಬ್ಬಳು, "ಮಾಸ್ಟ್ರನ್ನು ಅಲ್ಲಿ ಕೂರಿಸ್ಬೇಡಿ ಮಾರಾಯ್ರೇ, ಅವರ ಪಾಠಕ್ಕೆ ಮಕ್ಕಳೇ ಮಲಗ್ತಾರೆ" ಎಂದಳು. ಡ್ರೈವರೂ ನಕ್ಕರು.

ಜೋರು ಮಳೆ. ಎಲ್ಲರೂ ಕ್ಯಾನ್ವಾಸಿನ ಪರದೆಗಳನ್ನು ಇಳಿಸಿ ಬಿಗಿಯಾಗಿ ಕಟ್ಟಿದ್ದರು. ಇಳಿಜಾರಿನಲ್ಲಿ ನಾನು ತಿರುಗಿ ನೋಡಿದಾಗ ಡ್ರೈವರರ ಗದ್ದ ಎದೆಗೆ ತಾಗಿತ್ತು. ಬಸ್ಸು ನೇರ ಹೊಳೆಯ ಕಡೆಗೆ ಹೋಗುತ್ತಿತ್ತು. ಕಾಲೇಜು ಓದಿದ ನನಗೆ ಬ್ರೇಕು ಯಾವುದೆಂದು ಗೊತ್ತಿರಲಿಲ್ಲ. ಅವರ ತೋಳು ಜಗ್ಗಿದೆ, ಕೂಗಿದೆ. ಮುಂದಿನ ಚಕ್ರಗಳು ದಡದ ಕೆಸರಿನಲ್ಲಿ ಹೂತು ಬಸ್ಸು ನಿಂತಿತು. ಒಂದು ಮಾರು ಆಚೆಗೆ ನೀರು.

ಕೆಳಗಿಳಿಸಿದ ಮೇಲೆ ಡ್ರೈವರು ವಾಂತಿ ಮಾಡಿದರು. "ನಾನು ಮಲಗಿದ್ದಲ್ಲ ಮಾಸ್ಟ್ರೇ. ತಲೆ ತಿರುಗಿತು, ಮತ್ತೆ ಎಂತದೂ ಗೊತ್ತಿಲ್ಲ."

ಆಗ ನನಗೆ ಹೊಳೆಯಿತು: ಅವರ ಕಾಲ ಹತ್ತಿರ ಗ್ಯಾಸಿನ ಪೈಪಿನ ಜೋಡಣೆ ಸಡಿಲವಾಗಿದ್ದುದನ್ನು ನಾನು ನೋಡಿದ್ದೆ. ಸಂಜೆ ಡ್ರೈವರನ್ನೂ ಕರೆದುಕೊಂಡು ಬಸ್ಸಿನ ಧಣಿಗಳಲ್ಲಿ ಹೋಗಿ ಹೇಳಿದೆ: "ಡ್ರೈವರ ಕಾಲ ಹತ್ತಿರ ಪೈಪು ಸೋರ್ತಾ ಉಂಟು. ಪರದೆ ಕಟ್ಟಿದರೆ ಗ್ಯಾಸು ಒಳಗೇ ನಿಲ್ತದೆ. ಅದು ವಿಷ."

"ಹೌದಾ? ನೀವು ಪಕ್ಕದಲ್ಲೇ ಇದ್ರಲ್ಲ, ನೀವು ಯಾಕೆ ಬೀಳ್ಲಿಲ್ಲ?" ಎಂದರು ಧಣಿ.

ಡ್ರೈವರೇ ನನ್ನನ್ನು ಹೊರಗೆ ಕರೆದುಕೊಂಡು ಬಂದರು. "ಬಿಡಿ ಮಾಸ್ಟ್ರೇ. ನಾಳೆ ಬೆಂಕಿ ಹಾಕ್ಲಿಕ್ಕೆ ನಾನೇ ಬರ್ಬೇಕಲ್ಲ."

ಮರುದಿನವೂ ಅದೇ ಬಸ್ಸು, ಅವರೇ ಡ್ರೈವರು. ನಾನೂ ಹತ್ತಿದೆ, ಶಾಲೆಗೆ ಬೇರೆ ದಾರಿ ಇರಲಿಲ್ಲ. ನನ್ನ ಪಕ್ಕದ ಪರದೆಯೊಂದನ್ನು ಮೇಲೆತ್ತಿ ನೆನೆಯುತ್ತ ಕೂತೆ; ಹಿಂದಿನವರು ಬೈದು ಮತ್ತೆ ಇಳಿಸಿದರು. ಮನೆಯಲ್ಲಿ ಮಲಗಿದರೆ ನಿದ್ದೆಗಣ್ಣಿನಲ್ಲಿ ನನ್ನ ಕಾಲು ಬ್ರೇಕು ಹುಡುಕುತ್ತಿತ್ತು. ಬೆಚ್ಚಿ ಎದ್ದು ಕೂರುತ್ತಿದ್ದೆ.

ಮಳೆ ಇಳಿದು ಕಡಲಿಗೆ ದೋಣಿಗಳು ಹೊರಟ ಮೇಲೆ ಒಂದು ಸಂಜೆ ಡ್ರೈವರು ನಮ್ಮ ಮನೆಗೆ ಬಂದರು. "ನಾಳೆಯಿಂದ ಬಸ್ಸು ಬಿಟ್ಟು ಅಣ್ಣನ ದೋಣಿಗೆ ಹೋಗ್ತೇನೆ ಮಾಸ್ಟ್ರೇ. ಅಲ್ಲಿ ಗಾಳಿಯಾದ್ರೂ ಉಂಟು."

ಆ ರಾತ್ರಿ ನಾನು ಒಮ್ಮೆಯೂ ಏಳದೆ ಮಲಗಿದೆ. ಎಚ್ಚರವಾದಾಗ ಬಿಸಿಲೇರಿತ್ತು, ಬಸ್ಸು ಹೋಗಿಯಾಗಿತ್ತು. ಆ ಪೈಪಿನ ಪಕ್ಕ ಕೂತು ಅದನ್ನು ಓಡಿಸಿಕೊಂಡು ಹೋದವರು ಯಾರೆಂದು ನನಗೆ ಗೊತ್ತಿರಲಿಲ್ಲ.