ಕೊಕ್ಕರೆಗಳ ಊರಿನಲ್ಲಿ ಗಟ್ಟಿಮೇಳ

ಓಲಗದ ಸದ್ದಿಲ್ಲದ ಮದುವೆಯಲ್ಲಿ ನನಗೆ ಊಟ ರುಚಿಸುವುದಿಲ್ಲ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ, ಆದರೆ ಸ್ವಭಾವ ಅಂಥದು. ನಮ್ಮೂರು ಪಾವಗಡದ ಕಡೆಯ ಕ್ಯಾತಗಾನಚೆರ್ಲು. ಹೊಲಗಳನ್ನು ಸೋಲಾರ್ ಹಲಗೆಗಳಿಗೆ ಗುತ್ತಿಗೆ ಕೊಟ್ಟ ಮೇಲೆ ಅಲ್ಲಿ ಎತ್ತನ್ನು ಗದರಿಸುವ ದನಿಯೂ ಇಲ್ಲ. ಹಲಗೆಗಳು ದಿನವಿಡೀ ಬಿಸಿಲು ಕುಡಿದುಕೊಂಡು ಗಪ್‌ಚಿಪ್ ಮಲಗಿರುತ್ತವೆ. ಹೀಗಾಗಿ ವರ್ಷದ ಸದ್ದನ್ನೆಲ್ಲ ನಾವು ಮದುವೆಗಳಲ್ಲೇ ಕೇಳಿ ಮುಗಿಸಬೇಕು.

ಅಕ್ಕನ ಮಗ ಮಹೇಶನಿಗೆ ಸಿರಾ ಕಡೆಯ ಹಳ್ಳಿಯೊಂದರ ಹೆಣ್ಣು ಗೊತ್ತಾದಾಗ, ಸೋದರಮಾವನೆಂಬ ಅಧಿಕಾರದಿಂದ ನಾನು ಮಾಡಿದ ಮೊದಲ ಕೆಲಸ ಬ್ಯಾಂಡಿನವರಿಗೂ ಓಲಗದವರಿಗೂ ವೀಳ್ಯ ಕೊಟ್ಟದ್ದು. ಹುಡುಗಿಯ ಹೆಸರು ಮಂಗಳಾ ಎಂದು ಆಮೇಲೆ ಕೇಳಿ ತಿಳಿದುಕೊಂಡೆ.

ಆ ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಊರವರು ಅವನ್ನು ಮನೆಮಕ್ಕಳಂತೆ ಕಾದು ಕಾದು, ಈಗ ಊರೇ ಪಕ್ಷಿಧಾಮ. ಗೂಡಿರುವ ಮರದ ಹಣ್ಣು ಬಡಿಯುವಂತಿಲ್ಲ. ಊರ ತುಂಬ ಹುಣಸೆಮರ, ಸಾರಿಗೆ ಮಾತ್ರ ಸಿರಾ ಪೇಟೆಯ ಹುಣಸೆಹಣ್ಣು! ನೋಡಲು ಬಂದವರು ಮರದಡಿಯ ಹುಂಡಿಗೆ ಹಾಕಿದ ಕಾಸಿನಲ್ಲಿ ಬಿದ್ದ ಮರಿಗಳಿಗೆ ಮೀನು, ಉಳಿದದ್ದರಲ್ಲಿ ಮುದುಕರಿಗೆ ಔಷಧಿ, ಶಾಲೆಯ ಮಕ್ಕಳಿಗೆ ಪುಸ್ತಕ. ಯಾರ ಮನೆಯ ಮದುವೆಗಾದರೂ ಚಪ್ಪರ, ಹಂಡೆ, ಕೊಳಗ ಪುಕ್ಕಟೆ. ಹಂಡೆಯ ಕಂಠದಲ್ಲಿ 'ಕೊಕ್ಕರೆಗಳ ಕೊಡುಗೆ' ಎಂದು ಕೊರೆಸಿದ್ದರು. ನಾನೂ ದಾನಿಯೇ. ನಮ್ಮೂರ ಗುಡಿಗೆ ಒಂದು ಟ್ಯೂಬ್‌ಲೈಟ್ ಕೊಟ್ಟು, ಅದರ ಮೇಲೆ ಎಷ್ಟು ದಪ್ಪಗೆ ಹೆಸರು ಬರೆಸಿದ್ದೇನೆಂದರೆ, ಬೆಳಕು ಎರಡು ತುದಿಗಳಲ್ಲಿ ಮಾತ್ರ ಬರುತ್ತದೆ.

ಮದುವೆಯ ಹಿಂದಿನ ಸಂಜೆ ದಿಬ್ಬಣ ಇಳಿಯುತ್ತಿದ್ದಂತೆ ಹುಡುಗಿಯ ತಂದೆ ಸಿದ್ದಲಿಂಗಪ್ಪ ಕೈಮುಗಿದು ಬಂದರು.

"ಬೀಗ್ರೆ, ಬ್ಯಾಂಡು ಬ್ಯಾಡ. ಸದ್ದಾದ್ರೆ ಮರಿಗಳು ಬೆದರಿ ಗೂಡಿಂದ ಬಿದ್ದೋಗ್ತವೆ."

"ಗಟ್ಟಿಮೇಳ?"

"ಅದೂ ಅಷ್ಟೇಯ."

ಗಟ್ಟಿಮೇಳವೇ ಇಲ್ಲವೆಂದರೆ! ತಾಳಿ ಕಟ್ಟುವ ಹೊತ್ತಿಗೆ ಸೀನು, ಅಪಶಬ್ದ ಯಾವುದೂ ಕಿವಿಗೆ ಬೀಳಬಾರದೆಂದು ಹಿರಿಯರು ಮಾಡಿದ ಏರ್ಪಾಡು ಅದು. ಕೊಕ್ಕರೆಗಳ ವಿಷಯ ಬೇರೆ. ದೊಡ್ಡವಾದ ಮೇಲೆ ಅವಕ್ಕೆ ಹೆಚ್ಚು ದನಿಯಿಲ್ಲ. ಕೊಕ್ಕು ಬಡಿದೇ ಗಂಡು ಹೆಣ್ಣನ್ನು ಒಪ್ಪಿಸುತ್ತದಂತೆ. ನಾವು ಮನುಷ್ಯರು. "ಹಂಗಾದ್ರೆ ದಿಬ್ಬಣ ತಿರುಗಿಸ್ಕೊಂಡು ಹೋಗ್ತೀವಿ" ಎಂದುಬಿಟ್ಟೆ.

ಸಿದ್ದಲಿಂಗಪ್ಪನವರ ಮುಖ ಬಾಡಿತು. ಅಷ್ಟರಲ್ಲಿ ಅರಿಶಿನದ ಕೈಯಲ್ಲೇ ಮೀನಿನ ಬುಟ್ಟಿ ಹಿಡಿದ ಮಂಗಳಾ ಮರದಡಿಯಿಂದ ಬಂದಳು. ಬಿದ್ದ ಮರಿಗಳನ್ನು ಸಾಕುವವಳು ಅವಳೇ.

"ಮಾವ, ನೀವ್ ತಿರುಗಿಸ್ಕೊಂಡು ಹೋಗೋದ್ ಬ್ಯಾಡ, ನಾನೇ ಕಳಿಸ್ಬುಡ್ತೀನಿ. ನನ್ ಮದ್ವೆಗೆ ಒಂದ್ ಮರಿ ಬಿದ್ರೂ ನಂಗೀ ತಾಳಿ ಬ್ಯಾಡ."

ನಾನು ಬೆಂಬಲಕ್ಕೆಂದು ಮಹೇಶನ ಕಡೆ ನೋಡಿದೆ. ಅವನು ಹುಡುಗಿಯನ್ನೇ ನೋಡುತ್ತಿದ್ದ. "ಮಾಮ, ನೀನ್ ಸುಮ್ನಿರು. ನಂಗೆ ಹುಡ್ಗಿ ಬೇಕು, ಬ್ಯಾಂಡಲ್ಲ" ಎಂದ. ಸೋದರಮಾವನ ಅಧಿಕಾರ ಅಲ್ಲಿಗೆ ಮುಗಿಯಿತು.

ಮರುದಿನದ ಮುಹೂರ್ತದಲ್ಲಿ ಪುರೋಹಿತರು ಕೈ ಎತ್ತಿದರು. ಡೋಲಿನವನ ಬೆರಳುಗಳು ಅವನದೇ ತೊಡೆಯ ಮೇಲೆ ಆಡಿದವು. ಮೇಲೆ ಮರಿಗಳ ಗೊಣಗಾಟ ಬಿಟ್ಟರೆ ಎಲ್ಲ ನಿಶ್ಶಬ್ದ. ಆಗ ಯಾರೋ ಜೋರಾಗಿ ಸೀನಿದರು. ಯಾರೋ ಅಂದೆನೇ? ನಾನೇ. ಮೂಗಿನ ಹತ್ತಿರ ಒಂದು ಪುಕ್ಕ ತೇಲಿ ಬಂದಿತ್ತು. ಚಪ್ಪರದವರೆಲ್ಲ ತಿರುಗಿ ನೋಡಿದರು. ಮದುಮಕ್ಕಳು ಮಾತ್ರ ನೋಡಲಿಲ್ಲ.

"ಬಿಗಿ ಆಯ್ತಾ?" ಎಂದು ತಾಳಿ ಕಟ್ಟುತ್ತ ಮಹೇಶ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ಇಲ್ಲ. ಇನ್ನೊಂದ್ ಗಂಟಾಕಿ. ಬಿಚ್ಚಂಗಿರಬಾರ್ದು" ಎಂದಳು ಮಂಗಳಾ.

ಎಷ್ಟು ಮದುವೆ ನೋಡಿದ್ದೇನೆ, ಈ ಮಾತು ಕೇಳಿದ್ದು ಇದೇ ಮೊದಲು. ನನ್ನ ಕಣ್ಣು ಒದ್ದೆಯಾಯಿತು. ಪುಕ್ಕದಿಂದಲ್ಲ.

ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹೆಂಡತಿ ರತ್ನಳನ್ನು ಕೇಳಿದೆ: "ನಮ್ಮ ಮದ್ವೆ ಗಟ್ಟಿಮೇಳದಾಗೆ ನೀನೂ ಏನೋ ಅಂದಿದ್ದೆ. ತುಟಿ ಅಲ್ಲಾಡಿದ್ದು ಕಂಡಿತ್ತು. ಏನದು?"

ಅವಳು ಸಾರಿಗೆ ಅನ್ನ ಕಲಸುತ್ತ, "ಸೆರಗು ತುಳಿದಿದ್ದೀರ, ಕಾಲ್ ತೆಗೀರಿ ಅಂದೆ. ಇವತ್ತಿನ ತನ್ಕ ತೆಗೆದಿಲ್ಲ ಬುಡಿ" ಎಂದಳು.

ಕೊಕ್ಕರೆಗಳ ಹಂಡೆಯ ಅನ್ನ ರುಚಿಯಾಗಿಯೇ ಇತ್ತು. ನಾನು ಕೂತಲ್ಲೇ ಮೆಲ್ಲಗೆ ಕಾಲು ಎಳೆದುಕೊಂಡೆ.